ಗೆರೆಯಿಲ್ಲದ ಲಿಲ್ಲಿ

"ಬುದ್ಧೀ, ಮಠದಲ್ಲಿ ಚಾಡಿಮಾತು ಹಬ್ಬುತ್ತಿದೆ. ಎಲ್ಲದಕ್ಕೂ ಮೂಲ ಆ ಮುರಿಗೆಯ್ಯ. ಅವನೊಬ್ಬನನ್ನು ಹೊರಗೆ ಕಳುಹಿಸಿದರೆ ಉಳಿದವರು ಕೆಡುವುದು ತಪ್ಪುವುದಿಲ್ಲವೇ?" ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ. ಕೇಳಿದವನು ನೇಮನಿಷ್ಠೆಯವನು. ಅವನತ್ತ ಯಾರೂ ಬೆರಳು ಮಾಡಿ ತೋರಿಸಿದ್ದಿಲ್ಲ.

ಗುರುಗಳು ಕಣ್ಣು ಮುಚ್ಚಿಕೊಂಡೇ ಕತೆ ಹೇಳಿದರು.

ಮಂಜು ಇಳಿಯುವ ಒಂದು ಬೆಟ್ಟದೂರಿನಲ್ಲಿ ಒಬ್ಬ ಹೆಂಗಸು ಲಿಲ್ಲಿ ಬೆಳೆಸುತ್ತಿದ್ದಳು. ಮದುವೆಯಾಗಿ ಬರುವಾಗ ಅವಳ ತಾಯಿ ಮಡಿಲಕ್ಕಿಯ ಜೊತೆ ಒಂದು ಲಿಲ್ಲಿ ಗಡ್ಡೆಯನ್ನೂ ಹಾಕಿದ್ದಳು. ಅದು ಬಾಗಿಲ ಬಳಿ ಕಿತ್ತಳೆ ಬಣ್ಣದ ಹೂ ಬಿಡುತ್ತಿತ್ತು. ಅಂಗಳದ ತುಂಬ ಬಿಳಿ ಲಿಲ್ಲಿಗಳು ಆಮೇಲೆ ಬಂದವು. ತಾಯಿ ಈಗ ಇರಲಿಲ್ಲ.

ಒಂದು ವರ್ಷ ಬಿಳಿ ಲಿಲ್ಲಿಯೊಂದರ ಎಲೆಯುದ್ದಕ್ಕೂ ಬಿಳಿಚಿದ ಗೆರೆಗಳು ಮೂಡಿದವು. ಶಿವನೇ ವಿಭೂತಿ ಹಚ್ಚಿದ್ದಾನೆ ಎಂದು ಆಕೆ ಕೈಮುಗಿದಳು. ಅಂದಿನಿಂದ ಪೂಜೆಯ ಮೊದಲ ಹೂವನ್ನು ಆ ಗಿಡದಿಂದಲೇ ಕೊಯ್ದಳು. ಅದೇ ಚಾಕುವಿನಿಂದ ಉಳಿದ ಹೂಗಳನ್ನೂ ಕೊಯ್ದಳು. ಭಕ್ತಿಗೆ ಕಣ್ಣು ಸ್ವಲ್ಪ ಮಂಜು, ಏನು ಮಾಡುವುದು. ಮರುವರ್ಷ ಅಂಗಳಕ್ಕೆಲ್ಲ ವಿಭೂತಿ. ಮೊಗ್ಗುಗಳು ಸೊಟ್ಟಗಾದವು, ಗಿಡಗಳು ಕುಳ್ಳಾದವು. ಆಗ ಅದು ರೋಗವೆಂದು ತಿಳಿಯಿತು. ಆ ರೋಗಕ್ಕೆ ಮದ್ದಿಲ್ಲ. ಗೆರೆಯಿದ್ದ ಗಿಡಗಳನ್ನೆಲ್ಲ ಗಡ್ಡೆಸಮೇತ ಕಿತ್ತು ಸುಟ್ಟಳು, ಚಾಕುವನ್ನು ಕುದಿಯುವ ನೀರಿಗೆ ಹಾಕಿದಳು, ಹೊಸ ಗಡ್ಡೆ ನೆಟ್ಟಳು. ಅವಕ್ಕೂ ಗೆರೆ ಬಂತು.

ಸೋತು ಜಗಲಿಯ ಮೇಲೆ ಒರಗಿದವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ತಾಯಿ ಮಂಜಿನೊಳಗಿಂದ ನಡೆದು ಬಂದಳು. ಬಾಗಿಲ ಬಳಿಯ ಕಿತ್ತಳೆ ಲಿಲ್ಲಿಯನ್ನು ಸವರಿದಳು. ಅದೇ ಕೈಯಿಂದ ಒಂದೊಂದೇ ಬಿಳಿ ಲಿಲ್ಲಿಯನ್ನು ಮುಟ್ಟುತ್ತಾ ಹೋದಳು. ಮುಟ್ಟಿದಲ್ಲೆಲ್ಲ ಮೆಲ್ಲಗೆ ಒಂದು ಗೆರೆ ಮೂಡಿತು. 'ಅವ್ವಾ, ಸಾಕು' ಎನ್ನುವಷ್ಟರಲ್ಲಿ ಎಚ್ಚರವಾಯಿತು. ಎದುರಿಗೆ ಗಡ್ಡೆ ಮಾರುವ ವ್ಯಾಪಾರಿ ನಿಂತಿದ್ದ.

"ರೋಗದ ಗಿಡ ಎಲ್ಲಾ ಕಿತ್ತೆಯೇನಮ್ಮಾ?" ಎಂದು ಅವನು ಕೇಳಿದ.

"ಗೆರೆ ಇದ್ದದ್ದನ್ನೆಲ್ಲ ಕಿತ್ತೆ. ಬಾಗಿಲ ಹತ್ತಿರದ್ದು ಮಾತ್ರ ಬಿಟ್ಟಿದ್ದೀನಿ. ಅದರ ಮೈಮೇಲೆ ಒಂದು ಗೆರೆಯೂ ಇಲ್ಲ. ನಮ್ಮವ್ವ ಕೊಟ್ಟದ್ದು."

"ಅದರ ಜಾತಿಯೇ ಅಂಥದ್ದು ತಾಯಿ. ರೋಗವನ್ನು ಒಳಗಿಟ್ಟುಕೊಂಡು ನಗುನಗುತ್ತಾ ಬಾಳುತ್ತದೆ. ಗಿಡಹೇನು ಅದರ ರಸ ಹೀರಿ ಪಕ್ಕದ ಗಿಡಕ್ಕೆ ಹೋಗಿ ಕೂರುತ್ತದೆ. ಸಾಯುವುದು ಪಕ್ಕದ್ದು."

ಆಕೆ ಬಹಳ ಹೊತ್ತು ಅತ್ತಳು. ಆಮೇಲೆ ತಾಯಿಯ ಗಡ್ಡೆಯನ್ನೂ ಕಿತ್ತು ಬೆಂಕಿಗೆ ಹಾಕಿದಳು. ಬಿಳಿ ಲಿಲ್ಲಿಯ ಒಣಗಿದ ಕಾಯೊಂದು ಮನೆಯಲ್ಲಿ ಉಳಿದಿತ್ತು. ಬೀಜಕ್ಕೆ ಆ ರೋಗ ಇಳಿಯುವುದಿಲ್ಲವಂತೆ. ಅದನ್ನೇ ಬಿತ್ತಿ ಕಾದಳು. ಬೀಜದಿಂದ ಹುಟ್ಟಿದ ಲಿಲ್ಲಿ ಹೂ ಬಿಡಲು ವರ್ಷಗಳೇ ಬೇಕು. ಕೊನೆಗೆ ಬಿಟ್ಟಿತು, ಎಲೆಗಳು ಹಸಿರಾಗಿಯೇ ಇದ್ದವು.

ಗುರುಗಳು ಕಣ್ಣು ತೆರೆದರು.

"ಹಾಗಾದರೆ ಬುದ್ಧೀ, ಮುರಿಗೆಯ್ಯ ಹೊರಗೆ ಹೋಗಬೇಕು ತಾನೇ?" ಎಂದ ಶಿಷ್ಯ.

"ಮುರಿಗೆಯ್ಯನ ಬಾಯಿಂದ ನಾನು ಯಾರ ಮೇಲಿನ ಚಾಡಿಯನ್ನೂ ಕೇಳಿಲ್ಲವಪ್ಪಾ, ಇವತ್ತು ಕೇಳಿದ್ದು ನಿನ್ನ ಬಾಯಿಂದ."