ದೊರೆಯ ಸೊಟ್ಟ ಗಡಿಗೆ

"ಇವತ್ತಿನಿಂದ ಯಾವ ಕಸುಬಿನ ಕೂಟದವರೂ ನನ್ನ ಮುಂದೆ ಬಂದು ಅದು ಬೇಕು, ಇದು ಬೇಡ ಅನ್ನುವ ಹಾಗಿಲ್ಲ. ಗಾಣಿಗರು ಎಣ್ಣೆ ತೆಗೆಯಲಿ, ನೇಕಾರರು ಸೀರೆ ನೇಯಲಿ. ಕೂಟದೊಳಗೆ ನೀವು ನೀವು ಏನು ಬೇಕಾದರೂ ಮಾತಾಡಿಕೊಳ್ಳಿ. ದೊರೆಯ ಹತ್ತಿರ ಬಾಯಿ ಬಿಟ್ಟ ಕೂಟ ಅಲ್ಲಿಗೆ ಬರಖಾಸ್ತು."

ತೊರೆಗಡಿಯ ದೊರೆ ಗೋವಿಂದ ನಾಯಕ ತುಂಬಿದ ಆಸ್ಥಾನದಲ್ಲಿ ಹೀಗೆ ಗುಡುಗಿದ. ಗುಡುಗುವಾಗ ಅವನು ನೋಡುತ್ತಿದ್ದದ್ದು ಮಾತ್ರ ಕಂಬದ ಮರೆಯಲ್ಲಿ ನಿಂತಿದ್ದ ವಿದೂಷಕ ಬುಳ್ಳಪ್ಪನನ್ನು.

ನೋಡದೆ ಏನು ಮಾಡಿಯಾನು? ಆ ಕಟ್ಟಳೆ ಹುಟ್ಟಿದ್ದೇ ಬುಳ್ಳಪ್ಪನ ಹೊಟ್ಟೆಯಿಂದ. ಹಿಂದಿನ ದಿನ ಬೆಳಿಗ್ಗೆ ಅವನು ಗಾಣಿಗರ ಮನೆಯ ಎಳ್ಳುಂಡೆ ತಿಂದು ಬಂದು, "ಪ್ರಭು, ಹೊರಗಿನ ಎಣ್ಣೆ ನಮ್ಮ ಸಂತೆಗೆ ಬಂದರೆ ಊರು ಉಳಿಯೋದಿಲ್ಲ" ಎಂದು ಅತ್ತಿದ್ದ. ಮಧ್ಯಾಹ್ನ ಮಿಠಾಯಿಯವರ ಜಿಲೇಬಿ ತಿಂದು ಬಂದು, "ಹೊರಗಿನ ಎಣ್ಣೆ ಬಾರದಿದ್ದರೆ ಊರು ಉಳಿಯೋದಿಲ್ಲ" ಎಂದು ಅಷ್ಟೇ ಚೆನ್ನಾಗಿ ಅತ್ತಿದ್ದ. ಎರಡನೆಯ ಸಲ ಅಳುವಾಗ ಜಿಲೇಬಿಯ ಪಾಕ ಗಲ್ಲಕ್ಕೆ ಮೆತ್ತಿಕೊಂಡಿತ್ತು.

"ನೀನೂ ಅಷ್ಟೇ ಬುಳ್ಳಪ್ಪ. ಯಾವ ಕೂಟದ ಪರವಾಗಿಯಾದರೂ ತುಟಿ ಬಿಚ್ಚಿದರೆ ಗಡೀಪಾರು" ಎಂದ ದೊರೆ.

"ಆಗಲಿ ಪ್ರಭು. ಈ ಬಾಯಿಗೆ ಗೊತ್ತಿರೋ ಇನ್ನೊಂದು ಕೆಲಸ ತಿನ್ನೋದು. ಅದನ್ನೇ ಮಾಡಿಕೊಂಡು ಇರ್ತೀನಿ."

ಮಾತು ಸುಲಭವಾಗಿ ಆಡಿದ. ಆದರೆ ಕೆಲವೇ ದಿನಗಳಲ್ಲಿ ಕುಂಬಾರರ ಹಿರಿಯ ಕಾಳಶೆಟ್ಟಿ ಅವನ ಮನೆ ಬಾಗಿಲಿಗೆ ಬಂದು ಕೂತ. ದೊರೆಯ ಭಾವಮೈದ ಸರ್ಜಪ್ಪ ಊರ ಹಿಂದಿನ ಕೆರೆಗೆ ಬೇಲಿ ಹಾಕಿಸಿದ್ದ. ಅಲ್ಲಿ ತಾವರೆ ಬೆಳೆಸಿ ದೋಣಿಯಲ್ಲಿ ತೇಲಾಡಬೇಕೆಂದು ಅವನ ಆಸೆ. ದೊರೆ ಪೂರ್ತಿ ಕೇಳಿಸಿಕೊಳ್ಳದೆ ಹೂಂ ಅಂದುಬಿಟ್ಟಿದ್ದ. ಕುಂಬಾರರಿಗೆ ಮಣ್ಣು ಸಿಗುತ್ತಿದ್ದದ್ದು ಆ ಕೆರೆಯಂಗಳದಲ್ಲೇ.

"ನನ್ನ ಮನೆ ಅಂಗಳದಲ್ಲಿರೋ ಒಂದು ಚಿಕ್ಕ ಗುಡ್ಡೆ ಮಣ್ಣು ಮುಗಿದರೆ ನಮ್ಮ ತಿಗರಿ ಚಕ್ರ ನಿಂತ ಹಾಗೇ ಬುಳ್ಳಪ್ಪ. ಹೇಳಿದರೆ ಕೂಟ ಹೋಗ್ತದೆ, ಹೇಳದಿದ್ದರೆ ಊಟ ಹೋಗ್ತದೆ."

ಬುಳ್ಳಪ್ಪನಿಗೆ ನಾಚಿಕೆಯಾಯಿತು. ಗಾಣಿಗರು ಎಳ್ಳುಂಡೆ ಕೊಟ್ಟಿದ್ದರು, ಮಿಠಾಯಿಯವರು ಜಿಲೇಬಿ ಕೊಟ್ಟಿದ್ದರು. ಏನೂ ಕೊಡದ ಕುಂಬಾರರು ಅವನ ಹೊಟ್ಟೆಬಾಕತನಕ್ಕೆ ದಂಡ ತೆರುತ್ತಿದ್ದರು.

"ಶೆಟ್ಟರೇ, ನಿಮ್ಮ ಕೂಟಕ್ಕೆ ಹೊಸಬರನ್ನ ಹೇಗೆ ಸೇರಿಸಿಕೊಳ್ತೀರಿ?"

"ತಿಗರಿ ಮೇಲೆ ಒಂದು ಗಡಿಗೆ ಎಬ್ಬಿಸಿ, ದಾರದಲ್ಲಿ ಕೊಯ್ದು ಇಳಿಸಬೇಕು. ಸೊಟ್ಟಗಾದರೂ ನಡೀತದೆ, ನಿಂತರೆ ಸಾಕು. ಹಣೆಗೆ ಹಸಿಮಣ್ಣು ಇಡ್ತೀವಿ. ಆಮೇಲೆ ಅವನು ನಮ್ಮವನೇ."

ಮರುದಿನ ಬುಳ್ಳಪ್ಪ ಮೊಣಕೈವರೆಗೆ ಕೆಸರು ಮೆತ್ತಿಕೊಂಡೇ ಆಸ್ಥಾನಕ್ಕೆ ಬಂದ.

"ಇದೇನೋ ವೇಷ?" ಎಂದ ದೊರೆ.

"ಮಾತಾಡೋ ಕೆಲಸ ಹೋಯ್ತಲ್ಲ ಪ್ರಭು, ಗಡಿಗೆ ಮಾಡೋದು ಕಲಿಯೋಣ ಅಂತ ಹೋಗಿದ್ದೆ. ನಾನು ಕೈ ಇಟ್ಟ ಕೂಡಲೇ ಮಣ್ಣು ಕುಸಿದು ಕೂತಿತು. ನನ್ನ ಹಾಗೆ ಅದಕ್ಕೂ ಬೆನ್ನುಮೂಳೆ ಇಲ್ಲ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ತಿರುಗೋದು ತಿಗರಿ. ಸುಮ್ಮನೆ ಕೈ ಇಟ್ಟುಕೊಂಡಿರೋದು ನೀನು. ಅದರಲ್ಲಿ ಏನು ಮಹಾ?"

"ನನ್ನ ಕೈ, ನಿಮ್ಮ ಕೈ ಒಂದೇ ಏನು ಪ್ರಭು?"

ಅಷ್ಟು ಸಾಕಾಯಿತು. ಸಂಜೆಗೆ ದೊರೆ ಕಾಳಶೆಟ್ಟಿಯ ಅಂಗಳದಲ್ಲಿ ಕಚ್ಚೆ ಬಿಗಿದು ಕೂತಿದ್ದ. ಕುಂಬಾರರೆಲ್ಲ ಬಾಯಿಗೆ ಬೀಗ ಹಾಕಿಕೊಂಡವರಂತೆ ಸುತ್ತ ನಿಂತರು. ಶೆಟ್ಟಿ ಕೋಲಿನಿಂದ ತಿಗರಿ ತಿರುಗಿಸಿದ. ಮಣ್ಣು ಎಡಕ್ಕೆ ಓಡಿತು, ಬಲಕ್ಕೆ ಓಡಿತು, ದೊರೆಯ ಮೀಸೆಗೆ ಹಾರಿತು. ಕೊನೆಗೆ ಒಂದು ಗಡಿಗೆ ಎದ್ದಿತು. ಅದರ ಬಾಯಿ ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ.

ದೊರೆ ಅದನ್ನು ದಾರದಲ್ಲಿ ಕೊಯ್ದು ಇಳಿಸಿದ. ಓಲಾಡಿದರೂ ಗಡಿಗೆ ನಿಂತಿತು.

ಕಾಳಶೆಟ್ಟಿ ಹಸಿಮಣ್ಣು ತೆಗೆದು ದೊರೆಯ ಹಣೆಗಿಟ್ಟು ಕೈಮುಗಿದ. "ತಾವು ನಮ್ಮ ಕೂಟದವರಾದಿರಿ, ಸ್ವಾಮಿ."

"ನೋಡಿದೆಯಾ ಬುಳ್ಳಪ್ಪ? ನಿನ್ನನ್ನ ಸೇರಿಸಿಕೊಳ್ಳಲಿಲ್ಲ, ನನ್ನನ್ನ ಸೇರಿಸಿಕೊಂಡರು."

"ನನ್ನ ಯೋಗ್ಯತೆ ಅವರಿಗೆ ಗೊತ್ತು ಪ್ರಭು."

ಕುಂಬಾರರು ಸುತ್ತ ಕೂತರು. ಕಾಳಶೆಟ್ಟಿ ಗಂಟಲು ಸರಿಮಾಡಿಕೊಂಡ. "ಎಲ್ಲರೂ ಸೇರಿದೀವಿ, ಕೂಟದ ಮಾತು ಆಡೋಣ. ಸರ್ಜಪ್ಪನವರು ಕೆರೆಗೆ ಬೇಲಿ ಹಾಕಿಸಿದಾರೆ. ಈಗ ನಮ್ಮ ಹೊಸಬರು ಗಡಿಗೆ ಮಾಡಿದರಲ್ಲ, ಅದು ನಮ್ಮ ಕಡೇ ಮಣ್ಣು. ನಾಳೆ ಏನು ಮಾಡೋದೋ ಗೊತ್ತಿಲ್ಲ."

ದೊರೆ ತನ್ನ ಕೈಗೆ ಮೆತ್ತಿದ್ದ ಮಣ್ಣನ್ನು ನೋಡಿಕೊಂಡ. ಆಮೇಲೆ ದಡಕ್ಕನೆ ಎದ್ದ. "ನನ್ನ ಕಟ್ಟಳೆ ಮರೆತಿರಾ? ಕೂಟ ಬರಖಾಸ್ತು ಮಾಡಲೇ?"

"ಯಾಕೆ ಪ್ರಭು?" ಎಂದ ಬುಳ್ಳಪ್ಪ. "ದೊರೆಯ ಹತ್ತಿರ ಯಾರೂ ಏನೂ ಹೇಳಲಿಲ್ಲ. ಕೂಟದವರು ಕೂಟದವರ ಹತ್ತಿರ ಮಾತಾಡಿಕೊಂಡರು. ಅದಕ್ಕೆ ತಾವೇ ಅಪ್ಪಣೆ ಕೊಟ್ಟಿದ್ದೀರಿ."

ದೊರೆಯ ಮೀಸೆಯ ಕೆಸರಿನ ಕೆಳಗೆ ನಗು ಇಣುಕಿತು.

"ಜಾಣ ನೀನು. ಆದರೆ ನಾನೂ ಈಗ ಕೂಟದವನು. ಕೂಟದವರು ಯಾರೂ ದೊರೆಗೆ ಹೇಳುವ ಹಾಗಿಲ್ಲ. ನೀನು ಹೇಳಿದರೆ ಗಡೀಪಾರು. ಇನ್ನು ಈ ಮಾತನ್ನ ದೊರೆಗೆ ಮುಟ್ಟಿಸೋರು ಯಾರು?"

"ಯಾರೂ ಮುಟ್ಟಿಸಬೇಕಾಗಿಲ್ಲ ಪ್ರಭು" ಎಂದ ಬುಳ್ಳಪ್ಪ. "ದೊರೆಗೆ ಗೊತ್ತಾಗಿಬಿಟ್ಟಿದೆ."

ದೊರೆ ನಕ್ಕ ನಗುವಿಗೆ ಅವನ ಸೊಟ್ಟ ಗಡಿಗೆ ಇನ್ನಷ್ಟು ವಾಲಿತು. ಮರುದಿನವೇ ಕೆರೆಯ ಬೇಲಿ ಕಿತ್ತರು. ಹಳೆಯ ಕಟ್ಟಳೆ ಹೋಗಿ ಹೊಸದು ಬಂತು. ಯಾವ ಕೂಟದ ಪರವಾಗಿ ಯಾರು ಬೇಕಾದರೂ ಮಾತಾಡಬಹುದು. ಆದರೆ ಮಾತಿಗೆ ಮೊದಲು, ಯಾರ ಮನೆಯಲ್ಲಿ ಏನು ತಿಂದು ಬಂದಿದ್ದೇನೆ ಎಂದು ತುಂಬಿದ ಆಸ್ಥಾನದಲ್ಲಿ ಒಪ್ಪಿಸಬೇಕು.

ಮೊದಲ ಸರದಿ ಬುಳ್ಳಪ್ಪನದು. ಅವನು ಎದ್ದು ನಿಂತು ಎಳ್ಳುಂಡೆಯಿಂದ ಶುರುಮಾಡಿದ. ಹೇಳಿ ಮುಗಿಸುವ ಮೊದಲೇ ಆಸ್ಥಾನದವರಿಗೆಲ್ಲ ಹಸಿವಾಗಿ, ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದರು.