ಕಿವಿಮಠ

ಜಪಾನಿನ ಬೆಟ್ಟಸೀಮೆಯಲ್ಲಿ, ನಮ್ಮ ಕುರೆಸಾವಾ ಹಳ್ಳಿಯ ಮೇಲ್ಗಡೆ, ಬೌದ್ಧ ಸನ್ಯಾಸಿನಿಯರ ಹಳೆಯ ಮಠವೊಂದಿದೆ. ಕಾಗದಪತ್ರದಲ್ಲಿ ಅದಕ್ಕೆ ಉದ್ದನೆಯ ಹೆಸರುಂಟು. ಊರವರ ಬಾಯಲ್ಲಿ ಅದು ‘ಮಿಮಿದೆರಾ’, ಎಂದರೆ ಕಿವಿಮಠ. ಬಾಗಿಲು ದಾಟಿದೊಡನೆ ಮೊಳದುದ್ದದ ಕಲ್ಲಿನ ಜಿಜೋ ಕಾಣುತ್ತಾನೆ. ಜಿಜೋ ಎಂದರೆ ತೀರಿಹೋದ ಮಕ್ಕಳನ್ನು ಕಾಯುವ ಬೋಧಿಸತ್ವ. ಈ ವಿಗ್ರಹಕ್ಕೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ, ಇರುವುದು ಎಡಗಿವಿಯೊಂದೇ. ಕಡೆದವನು ಮೈಗಳ್ಳನಿರಬೇಕೆಂದು ಪಟ್ಟಣದಿಂದ ಬಂದವರು ನಗುತ್ತಾರೆ. ಗೊತ್ತಿಲ್ಲದವರ ಬಾಯಿಗೆ ಬೀಗ ಹಾಕಲಾದೀತೆ! ನಾನಂತೂ ಅವರನ್ನು ಕೂರಿಸಿ ಇದನ್ನು ಹೇಳಿಯೇ ಕಳಿಸುತ್ತೇನೆ.

ಹಿಂದೆ ಒಮ್ಮೆ, ನನ್ನ ಅಜ್ಜಿಯ ಅಜ್ಜಿಯ ಕಾಲದಲ್ಲಿ, ಇಲ್ಲಿ ಮ್ಯೋರೆನ್ ಎಂಬ ಸನ್ಯಾಸಿನಿಯಿದ್ದಳು. ಆರು ವರ್ಷದ ಮಗಳು ಸಿಡುಬಿನಿಂದ ತೀರಿಕೊಂಡ ಮೇಲೆ ತಲೆ ಬೋಳಿಸಿಕೊಂಡು ಬಂದವಳು. ಬೆಟ್ಟದ ಮೆದುಗಲ್ಲಿನಲ್ಲಿ ತಾನೇ ಉಳಿ ಹಿಡಿದು ಈ ಜಿಜೋವನ್ನು ಕಡೆದಳು; ಬೆನ್ನನ್ನು ಒರಟಾಗಿಯೇ ಬಿಟ್ಟಳು, ಮುಖ ಮಾತ್ರ ಅಚ್ಚು ಮಗಳದೇ. ಆ ಮಗುವಿನ ಮುಖವೆಂದು ಲೋಕದಲ್ಲಿ ಉಳಿದದ್ದು ಅದೊಂದೇ. ದಿನಾ ಬೆಳಿಗ್ಗೆ ಅದನ್ನು ತೊಳೆದು, “ಗಂಜಿ ಕುಡಿದೆಯೇನೇ?” ಎಂದು ಕೇಳಿಯೇ ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು ಎನ್ನುತ್ತಾರೆ.

ಆಗ ಹೊಸ ಸರ್ಕಾರ ಬಂದು, ಬೌದ್ಧಧರ್ಮ ಹೊರನಾಡಿನದೆಂದು ಬುದ್ಧನ ವಿಗ್ರಹಗಳನ್ನು ಒಡೆಯಬೇಕೆಂಬ ಹುಚ್ಚು ಸೀಮೆಗೆಲ್ಲ ಹಬ್ಬಿತ್ತು. ಕೆಳಗಿನ ಊರಿನ ದೇಗುಲಗಳನ್ನು ಮುಗಿಸಿ ಅಧಿಕಾರಿಗಳು ಸುತ್ತಿಗೆ ಹಿಡಿದು ಬೆಟ್ಟ ಹತ್ತುತ್ತಿದ್ದಾರೆಂದು ಸುದ್ದಿ ಬಂತು. ಜಿಜೋವನ್ನು ಹೂಳೋಣವೆಂದರೆ ಚಳಿಗೆ ನೆಲ ಹೆಪ್ಪುಗಟ್ಟಿದೆ. ಅಡುಗೆಮನೆಯಲ್ಲಿ ಮೂಲಂಗಿಗೆ ಉಪ್ಪು ಹಾಕಿಟ್ಟ ದೊಡ್ಡ ಮರದ ಪೀಪಾಯಿಯಿತ್ತು. ಮೂಲಂಗಿಯ ಮೇಲೆ ಹಲಗೆ, ಹಲಗೆಯ ಮೇಲೆ ಭಾರದ ಕಲ್ಲು ಹೇರುವುದು ಇಲ್ಲಿಯ ಪದ್ಧತಿ; ಆ ಭಾರಕ್ಕೆ ಉಪ್ಪುನೀರು ಹಲಗೆಯ ಮೇಲಕ್ಕೆ ಉಕ್ಕಿ ನಿಲ್ಲುತ್ತದೆ. ಮಠದ ಹಿರಿಯಮ್ಮ ಜಿಶುನ್ ಆ ಕಲ್ಲನ್ನು ತೆಗೆಸಿದರು. “ಇದರ ಜಾಗದಲ್ಲಿ ಜಿಜೋವನ್ನು ಬೋರಲು ಮಲಗಿಸಿದರೆ ಯಾರಿಗೂ ಗೊತ್ತಾಗದು. ಆದರೆ ತಾಯಿ, ಮೆದುಗಲ್ಲು ಇದು, ಉಪ್ಪುನೀರಿನಲ್ಲಿ ಮುಖ ಉಳಿಯಲಿಕ್ಕಿಲ್ಲ. ನೀನೇ ಹೇಳು” ಎಂದರು.

ಮ್ಯೋರೆನ್ ಆ ಕೆನ್ನೆಗಳನ್ನು ಒಮ್ಮೆ ಸವರಿದಳು. “ನನ್ನ ಮಗುವಿಗೆ ಸುತ್ತಿಗೆ ಏಟು ಬೇಡ ಅಮ್ಮಾ” ಎಂದು ತನ್ನ ಕೈಯಾರೆ ಮಲಗಿಸಿದಳು. ಬಂದವರು ಮೂಲಂಗಿಯ ನಾತಕ್ಕೆ ಮೂಗು ಮುಚ್ಚಿಕೊಂಡು ಪೀಪಾಯಿಯನ್ನು ದಾಟಿ ಹೋದರು. ಆದರೆ ಆ ಮಹಾಶಯರು ಹೇಳದೆ ಕೇಳದೆ ಮತ್ತೆ ಮತ್ತೆ ಬರುತ್ತಿದ್ದುದರಿಂದ ವಿಗ್ರಹವನ್ನು ಹೊರತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಮೂರು ಚಳಿಗಾಲ ಹಾಗೆಯೇ ಕಳೆಯಿತು.

ಹುಚ್ಚು ಇಳಿದ ಮೇಲೆ ಎತ್ತಿ ನೋಡಿದರೆ ಮುಖವೆಲ್ಲ ಉದುರಿ ಬೋಳಾಗಿತ್ತು. ತಲೆ ಓರೆಯಾಗಿದ್ದುದರಿಂದ ನೀರು ತಾಗದೆ ಎಡಗಿವಿ ಮಾತ್ರ ಉಳಿದಿತ್ತು. ಹಿರಿಯಮ್ಮ ಗೊಳೋ ಎಂದು ಅತ್ತರು. ಮ್ಯೋರೆನ್ ಕೂಡ ಅತ್ತಳು, ಹೆತ್ತ ಹೊಟ್ಟೆ ಅಳದೆ ಇರುತ್ತದೆಯೇ? ಆಮೇಲೆ ಕಣ್ಣೊರೆಸಿಕೊಂಡು, ಆ ಕಿವಿಗೆ ಬಾಯಿಟ್ಟು, “ಗಂಜಿ ಕುಡಿದೆಯೇನೇ?” ಎಂದು ಕೇಳಿದಳಂತೆ.

ಇಂದಿಗೂ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಇಲ್ಲಿಗೆ ಬರುತ್ತಾರೆ. ಬಗ್ಗಿ ಆ ಕಿವಿಯಲ್ಲಿ ಹೇಳಬೇಕಾದ್ದನ್ನು ಹೇಳಿ, ಮಠದವರು ಕೊಡುವ ಉಪ್ಪುಮೂಲಂಗಿಯ ಹೋಳೊಂದನ್ನು ತಿಂದು ಬೆಟ್ಟ ಇಳಿಯುತ್ತಾರೆ. ತುಟಿ ತಾಗಿ ತಾಗಿ ಕಿವಿಯ ಅಂಚೂ ಈಗ ಸವೆದಿದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿ ಎಂದು ಪಟ್ಟಣದ ಪಂಡಿತರೊಬ್ಬರು ಹೋದ ವರ್ಷ ಹೇಳಿದರು. ಈಗಿನ ಹಿರಿಯಮ್ಮ ಒಪ್ಪಲಿಲ್ಲ. “ಗಾಜು ಹಾಕಿದರೆ ಮಗುವಿಗೆ ಕೇಳಿಸುವುದು ಹೇಗೆ?” ಎಂದರು.