ನೋಟಿನ ಮೂರು ಗುಟ್ಟು

"ಬೇಲಾವತಿಯ ದೊರೆ ದಂಡವರ್ಮ ಮಹಾರಾಜರ ಅಪ್ಪಣೆ ಏನೆಂದರೆ, ನಮ್ಮ ಹೊಸ ನೋಟಿನಲ್ಲಿ ಮೂರು ಗುಟ್ಟುಗಳಿವೆ. ಆ ಮೂರನ್ನೂ ಬಿಡಿಸಿದವರು ಕೇಳಿದ್ದನ್ನು ಕೊಡುತ್ತೇವೆ. ಒಂದು ತಪ್ಪಿದರೂ ಸಂಜೆಯೊಳಗೆ ಗಲ್ಲು."

ಡಂಗುರದವನು ಹೀಗೆ ಸಾರಿದಾಗ ಊರಿನ ಜನ ತಲೆ ತಗ್ಗಿಸಿ ಕೇಳಿದರು. ದೊರೆ ನಾಣ್ಯ ನಿಲ್ಲಿಸಿ ಕಾಗದದ ನೋಟು ತಂದು ವರ್ಷವಾಗಿತ್ತು. ಹಿಂದೆಯೇ ಕಳ್ಳನೋಟೂ ಬಂದಿತ್ತು. ಅದು ಯಾರ ಕೈಯಲ್ಲಿ ಸಿಕ್ಕಿದರೂ ಹನ್ನೆರಡು ಚಾವಟಿ ಏಟು, ಆಮೇಲೆ ಸೆರೆ. ಒಳ್ಳೆಯ ನೋಟನ್ನು ಗುರುತಿಸುವುದು ಹೇಗೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಊರ ಹಿರಿಯರು ಹೋಗಿ ಕೇಳಿದ್ದಕ್ಕೆ ದೊರೆಗೆ ಸಿಟ್ಟು ಬಂದು, ಬುದ್ಧಿಯಿದ್ದವರು ಕಂಡುಕೊಳ್ಳಲಿ ಎಂದು ಈ ಪಂಥ ಹೂಡಿದ್ದ.

ಮಡಿವಾಳರ ಮಾಚ ಅದನ್ನು ಹೊಳೆದಂಡೆಯಲ್ಲಿ ನಿಂತು ಕೇಳಿದ. ಅವನ ಅಕ್ಕ ಕೆಂಚಿ ಸೆರೆಯಲ್ಲಿದ್ದು ನಲವತ್ತು ದಿನವಾಗಿತ್ತು. ಅರಮನೆಯ ಬಟ್ಟೆ ಒಗೆದದ್ದಕ್ಕೆ ಅರಮನೆಯವರೇ ಕೊಟ್ಟ ನೋಟು ಕಳ್ಳನೋಟಾಗಿತ್ತು. ಏಟು ತಿಂದವಳು ಕೆಂಚಿ. ಒಗೆಯುತ್ತಿದ್ದ ಬಟ್ಟೆಯನ್ನು ಮಾಚ ಕಲ್ಲಿನ ಮೇಲೇ ಬಿಟ್ಟು ಅರಮನೆಗೆ ನಡೆದ.

ಸಭೆಯಲ್ಲಿ ಆಗಲೇ ಇಬ್ಬರು ಬಂದಿದ್ದರು. ದೊರೆ ಹೊಸ ನೋಟೊಂದನ್ನು ಪೀಠದ ಮೇಲಿಟ್ಟು ಕೇಳಿದ. "ಇದರೊಳಗೊಬ್ಬ ಕೂತಿದ್ದಾನೆ. ಅವನಿಗೆ ಬಣ್ಣವಿಲ್ಲ, ಬರೆದವರಿಲ್ಲ. ಬೆಳಕು ಎದುರಿಗಿದ್ದರೆ ಅಡಗುತ್ತಾನೆ, ಬೆನ್ನಿಗಿದ್ದರೆ ಮುಖ ತೋರುತ್ತಾನೆ. ಯಾರು?"

ಶೇಷಾವಧಾನಿ ಎಂಬ ಪಂಡಿತ ಕೈಮುಗಿದು, "ತಮ್ಮ ಕೀರ್ತಿ, ಮಹಾಸ್ವಾಮಿ" ಎಂದ. ಭಟರು ಅವನ ರಟ್ಟೆ ಹಿಡಿದರು. ಮುತ್ತುರತ್ನದ ವ್ಯಾಪಾರಿ ಪದ್ಮಣ್ಣ ಬಹಳ ಹೊತ್ತು ಯೋಚಿಸಿ, "ನೆರಳು" ಎಂದ. ಅವನನ್ನೂ ಎಳೆದೊಯ್ದರು. ಬಾಗಿಲ ತನಕ ಅವನ ಅಳು ಕೇಳಿಸುತ್ತಿತ್ತು. ದೊರೆ ನಗುತ್ತಿದ್ದ.

ಮಾಚ ಮುಂದೆ ಬಂದ. "ನಾನು ಹೇಳ್ತೀನಿ, ಬುದ್ಧಿ."

"ಅಗಸನೇ? ಗಲ್ಲಿನ ಮಾತು ಕೇಳಿಸಿಕೊಂಡೆಯಷ್ಟೆ?"

"ಕೇಳಿಸಿಕೊಂಡೇ ಬಂದೆ. ಒಳಗೆ ಕೂತಿರೋದು ಆನೆ. ಶಾಯಿಯಲ್ಲಿ ಬರೆದದ್ದಲ್ಲ. ಕಾಗದ ಇನ್ನೂ ಹಸಿಯಾಗಿದ್ದಾಗ ಒಂದು ಕಡೆ ತೆಳುವು, ಒಂದು ಕಡೆ ದಪ್ಪ ಮಾಡಿ ಮೂಡಿಸಿದ್ದು. ಬಿಸಿಲಿಗೆ ಹಿಡಿದರೆ ಕಾಣುತ್ತೆ."

ದೊರೆಯ ನಗು ನಿಂತಿತು. "ನೀರಿಲ್ಲದ ಕಡೆ ಈಜುವವನೊಬ್ಬನಿದ್ದಾನೆ. ಆರು ಸಲ ಮುಳುಗುತ್ತಾನೆ, ಆರು ಸಲ ಏಳುತ್ತಾನೆ. ಹೋದ ದಾರಿಯಲ್ಲಿ ಒಂದು ತೂತೂ ಇಲ್ಲ. ಯಾರವನು?"

"ಬೆಳ್ಳಿ ದಾರ. ಆರು ಕಡೆ ಮೇಲೆ ಕಾಣುತ್ತೆ, ನಡುನಡುವೆ ಕಾಗದದೊಳಗೆ ಹೋಗುತ್ತೆ. ಹೊಲಿದಿದ್ದರೆ ಸೂಜಿ ತೂತು ಇರುತ್ತಿತ್ತು. ಕಾಗದ ಮಾಡುವಾಗಲೇ ಒಳಗಿಟ್ಟಿದ್ದಾರೆ. ನಮ್ಮಕ್ಕನಿಗೆ ಸಿಕ್ಕಿದ ಕಳ್ಳನೋಟಿನಲ್ಲಿ ಬರೀ ಗೆರೆ ಎಳೆದಿದ್ರು."

"ಕಣ್ಣಿದ್ದವರು ಓದದೆ ಬಿಡುವ ಬರಹ, ಕುರುಡರು ಮಾತ್ರ ಓದುತ್ತಾರೆ. ಯಾವುದು?"

ಮಾಚ ಪೀಠದ ಮೇಲಿನ ನೋಟಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ಇಲ್ಲಿರೋ ಉಬ್ಬು ಗೆರೆ. ಶಾಯಿ ಎದ್ದು ನಿಂತಿದೆ, ಬೆರಳಿಗೆ ಸಿಗುತ್ತೆ."

"ನಿನಗೆ ಹೇಳಿದವರು ಯಾರು?" ಎಂದು ದೊರೆ ಕೇಳಿದ.

"ಯಾರೂ ಹೇಳಿಲ್ಲ. ನಿಮ್ಮ ಸಿಪಾಯಿಗಳು ಅಂಗಿ ಜೇಬಿನಲ್ಲಿ ನೋಟು ಮರೆತು ಬಟ್ಟೆ ಒಗೆಯೋಕೆ ಹಾಕ್ತಾರೆ. ಒಳ್ಳೆ ನೋಟು ಹತ್ತಿಯದು, ನೆಂದರೂ ಹರಿಯಲ್ಲ. ಒಣಗಿಸಿ ಅವರವರಿಗೇ ಕೊಡ್ತಿದ್ದೆ. ಬಿಸಿಲಿಗೆ ಹಿಡಿದಾಗ ಕಂಡದ್ದು ಇದು. ಇದೇ ಗುರುತು ಅಂತ ನನಗೇನು ಗೊತ್ತು? ಈಗ ನಿಮ್ಮ ಒಗಟು ಕೇಳಿದ ಮೇಲೆ ತಿಳೀತು."

"ಸರಿ. ಅರ್ಧ ರಾಜ್ಯ ಕೇಳು, ನೋಟು ಅಚ್ಚುಹಾಕುವ ಟಂಕಸಾಲೆಯ ಅಧಿಕಾರ ಕೇಳು."

"ಕಳ್ಳನೋಟಿನ ಹೆಸರಲ್ಲಿ ಸೆರೆ ಹಾಕಿದೋರನ್ನೆಲ್ಲ ಬಿಡಿ. ಈಗ ಎಳೆದೊಯ್ದ ಇಬ್ಬರನ್ನೂ ಬಿಡಿ. ಈ ಮೂರು ಗುರುತನ್ನ ಮನೆಮನೆಗೂ ಹೇಳಿಸಿ."

"ಹುಚ್ಚ. ಗುಟ್ಟು ಹೊರಬಿದ್ದರೆ ಕಳ್ಳರೂ ಕಲಿಯುತ್ತಾರೆ."

ಅಷ್ಟು ಹೊತ್ತು ಅದುಮಿಟ್ಟ ಸಿಟ್ಟು ಮಾಚನ ದನಿಗೆ ಬಂತು. "ಕಳ್ಳರಿಗೆ ಆಗಲೇ ಗೊತ್ತು, ಬುದ್ಧಿ. ಗೊತ್ತಿದ್ದೂ ಮಾಡೋಕಾಗದೆ ಗೆರೆ ಎಳೀತಿದ್ದಾರೆ. ಗೊತ್ತಿಲ್ಲದೇ ಇದ್ದದ್ದು ನಮಗೆ. ನೋಟು ತಗೊಳ್ಳೋರಿಗೆ ಹೇಳದ ಗುರುತನ್ನ ಯಾರಿಗೋಸ್ಕರ ಇಟ್ರಿ? ನಮ್ಮಕ್ಕನಿಗೆ ಆ ನೋಟು ಕೊಟ್ಟದ್ದು ನಿಮ್ಮ ಉಗ್ರಾಣದೋರು. ಅವರಿಗೆ ಒಂದೇಟೂ ಬೀಳಲಿಲ್ಲ."

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. ಆದರೆ ತುಂಬಿದ ಸಭೆಯೆದುರು ಕೊಟ್ಟ ಮಾತಿತ್ತು. ಅವನು ಮುಖ ಆಚೆ ತಿರುಗಿಸಿ, "ಬಿಡಿ" ಎಂದ. ಪಂಡಿತನನ್ನೂ ವ್ಯಾಪಾರಿಯನ್ನೂ ವಾಪಸು ಕರೆತಂದು ಕಟ್ಟು ಬಿಚ್ಚಿದರು. ಮೂರು ಗುರುತು ಬರೆದ ಓಲೆಗಳನ್ನು ಹಿಡಿದು ಆಳುಗಳು ಕೇರಿಕೇರಿಗೂ ಹೊರಟರು.

ಸೆರೆಮನೆಯ ಬಾಗಿಲು ತೆರೆದಾಗ ಕೆಂಚಿ ಗೋಡೆ ಹಿಡಿದುಕೊಂಡು ಬಂದಳು. ಬೆನ್ನಿನ ಗಾಯ ಇನ್ನೂ ಮಾಗಿರಲಿಲ್ಲ. ಮಾಚ ಅವಳ ತೋಳಿಗೆ ಹೆಗಲು ಕೊಟ್ಟ.

"ಒಳ್ಳೆ ನೋಟು ಗುರುತಿಸೋದು ಹೇಗಂತಪ್ಪ?" ಎಂದು ಅವಳು ಕೇಳಿದಳು.

ಅವನು ಆನೆಯದು ಹೇಳಿದ, ದಾರದ್ದು ಹೇಳಿದ, ಉಬ್ಬು ಗೆರೆಯದು ಹೇಳಿದ. ಅಷ್ಟರಲ್ಲಿ ಅವರು ಹತ್ತು ಹೆಜ್ಜೆಯೂ ನಡೆದಿರಲಿಲ್ಲ.

ಕೆಂಚಿ ನಿಂತಳು. "ಇಷ್ಟೇನಾ? ಇಷ್ಟನ್ನ ಮೊದಲೇ ಹೇಳೋಕೆ ಅವರಿಗೇನಾಗಿತ್ತು?"

ಮೂರು ಒಗಟು ಬಿಡಿಸಿದ ಮಾಚ ಅಕ್ಕನ ಕೈ ಹಿಡಿದು ನಿಧಾನಕ್ಕೆ ಮನೆಯ ಕಡೆ ನಡೆದ.